ಸೀಸೆಯ ಮೇಲಿನ ಹೆಸರು

ಕೆರೆ ನೀರಿನ ಮೇಲೆ ಹಸಿರು ಹಾಸಿದಂತೆ ತೇಲುವ ಪುಟ್ಟ ಗಿಡವನ್ನು ನಮ್ಮೂರಲ್ಲಿ ಎಲ್ಲರೂ ಪಾಚಿ ಅಂತಲೇ ಕರೆಯುತ್ತಾರೆ. ಅದು ಪಾಚಿಯಲ್ಲ, ಹೂ ಬಿಡುವ ಸಸ್ಯ ಎಂದು ಒಮ್ಮೆ ಅಜ್ಜಿಗೆ ಹೇಳಿದ್ದೆ. "ಹೂ ಬಿಟ್ಟರೇನು, ಬಿಡದಿದ್ದರೇನು? ಎಮ್ಮೆ ನೀರು ಕುಡಿಯೋಕೆ ಅದನ್ನ ಸರಿಸಲೇಬೇಕಲ್ಲ" ಅಂದಳು. ಅವಳ ಕೆಲಸಕ್ಕೆ ಆ ಹೆಸರು ಸಾಕಾಗಿತ್ತು.

ನಾನು ಓದುತ್ತಿರುವುದು ಲೆಮ್ನಾ ಎಂಬ ಕುಲವನ್ನು. ಎಳ್ಳುಕಾಳಿನಷ್ಟು ಹಸಿರು ಬಿಲ್ಲೆ, ಕೆಳಗೆ ಒಂದೇ ಒಂದು ಬೇರು. ಕಾಂಡ, ಎಲೆ ಎಂಬ ಭೇದವಿಲ್ಲ. ಹೂ ಅಪರೂಪ, ಅಂಚಿನಿಂದ ಮರಿ ಬಿಲ್ಲೆ ಮೂಡಿ ಕಳಚಿಕೊಳ್ಳುತ್ತದೆ, ಅಷ್ಟೇ ಸಂಸಾರ. ಹೋಲಿಸಿ ನೋಡಲು ಅಂಗಗಳೇ ಇಲ್ಲದ ಗಿಡವನ್ನು ರೂಪದಿಂದ ಗುರುತಿಸುವುದು ಹೇಗೆ? ಲಿನೇಯಸ್ 1753ರಲ್ಲೇ ಮೈನರ್, ಗಿಬ್ಬಾ ಎಂದು ಎರಡನ್ನು ಬೇರ್ಪಡಿಸಿದ. ಗಿಬ್ಬಾದ ಹೊಟ್ಟೆ ಉಬ್ಬಿರುತ್ತದೆ ನಿಜ, ಆದರೆ ಎಷ್ಟೋ ಸಲ ಅದೂ ಚಪ್ಪಟೆಯಾಗಿಯೇ ಉಳಿದು ಮೈನರ್‌ನಂತೆ ಕಾಣುತ್ತದೆ. ಟ್ಯೂರಿಯೋನಿಫೆರಾ ಎಂಬ ಇನ್ನೊಂದು ಪ್ರಭೇದ ಚಳಿ ಬಂದಾಗ ಗಟ್ಟಿ ಮೊಗ್ಗು ಕಟ್ಟಿ ತಳಕ್ಕಿಳಿಯುತ್ತದೆ. ಅದೇ ಅದರ ಗುರುತು. ಪ್ರಯೋಗಾಲಯದ ಬೆಚ್ಚಗಿನ ನೀರಿನಲ್ಲಿ ಅದು ಯಾಕೆ ಮುಳುಗೀತು? ಸುಖದಲ್ಲಿರುವಾಗ ಎಲ್ಲವೂ ಒಂದೇ ಥರ. (ಗಿಡಗಳ ಮಾತು ಹೇಳುತ್ತಿದ್ದೇನೆ.)

ಜ್ಯೂರಿಕ್‌ನ ಎಲಿಯಾಸ್ ಲ್ಯಾಂಡೋಲ್ಟ್ 1980ರಲ್ಲಿ ಜಪೋನಿಕಾ ಎಂಬ ಪ್ರಭೇದವನ್ನು ವಿವರಿಸಿದರು. 2021ರಲ್ಲಿ ಇಟಲಿಯ ಸಂಶೋಧಕರು ಟ್ಯುಬುಲಿನ್ ಜೀನುಗಳನ್ನು ಹೋಲಿಸಿ, ಅದು ಮೈನರ್ ಮತ್ತು ಟ್ಯೂರಿಯೋನಿಫೆರಾಗಳ ಮಿಶ್ರಸಂತಾನ ಎಂದು ತೋರಿಸಿದರು. ಅದಕ್ಕೂ ಮೊದಲು ಹೆಚ್ಚಾಗಿ ಓದುತ್ತಿದ್ದುದು ಕ್ಲೋರೋಪ್ಲಾಸ್ಟಿನ ಡಿಎನ್‌ಎಯನ್ನು. ಅದು ಬರುವುದು ತಾಯಿಯ ಕಡೆಯಿಂದ. ತಾಯಿ ಮೈನರ್ ಆದರೆ ಮಗುವೂ ಮೈನರ್ ಅಂತಲೇ ಉತ್ತರ. ಜೀನು ಸುಳ್ಳು ಹೇಳಿರಲಿಲ್ಲ. ನಾವು ತಂದೆಯ ಬಗ್ಗೆ ಕೇಳಿರಲೇ ಇಲ್ಲ.

ನನ್ನ ಎರಡು ವರ್ಷದ ಕೆಲಸ ಮೈನರ್ ಎಂದು ಬರೆದ ಸೀಸೆಯೊಂದರಿಂದ ಶುರುವಾಗಿತ್ತು. ನೀರಿಗೆ ತಾಮ್ರದ ಲವಣ ಬೆರೆಸಿ, 7 ದಿನಗಳಲ್ಲಿ ಬಿಲ್ಲೆಗಳು ಎಷ್ಟಾದವು ಎಂದು ಎಣಿಸುವುದು. ವಿಷ ಪರೀಕ್ಷೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಮೈನರ್ ಮತ್ತು ಗಿಬ್ಬಾಗಳ ಹೆಸರು ಹೇಳುತ್ತದೆ. ಒಂದು ದಿನ ಅನುಮಾನ ಬಂದು ಟ್ಯುಬುಲಿನ್ ನೋಡಿದೆ. ಜೆಲ್ಲಿನಲ್ಲಿ ಇಬ್ಬರು ಪೋಷಕರ ಪಟ್ಟಿಗಳೂ ಪಕ್ಕಪಕ್ಕದಲ್ಲಿ ಬಂದು ಕೂತವು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಅಂಕಿಗಳು ತಪ್ಪೂ ಅಲ್ಲ, ಆ ಗಿಡ ಅಷ್ಟೇ ಬೆಳೆದಿದ್ದು ಸತ್ಯ. ತಪ್ಪಾಗಿದ್ದು ಯಾವ ಗಿಡ ಎನ್ನುವುದು ಮಾತ್ರ. ಆದರೆ ನಾಳೆ ಯಾರೋ ಒಂದು ಹೊಳೆಗೆ ಎಷ್ಟು ತಾಮ್ರ ಬಿಟ್ಟರೆ ಮೈನರ್ ತಡೆದೀತು ಎಂದು ನನ್ನ ಕೋಷ್ಟಕ ನೋಡಿದರೆ?

ಇನ್ನೊಂದು ಮುಜುಗರವೂ ಇದೆ. ಸಸ್ಯಶಾಸ್ತ್ರದ ಕನ್ನಡದಲ್ಲಿ ನಾವು ಬಳಸುವ ಪದಗಳು ಜಾತಿ, ಕುಲ. ವಚನಕಾರರು ಯಾವ ಪ್ರಶ್ನೆಯನ್ನು ಹೀಗಳೆದರೋ ಅದನ್ನೇ ದಿನವಿಡೀ ಕೇಳುತ್ತ ಕೂರುವ ಕಸುಬು ನನ್ನದು. ಗಿಡದ ನಡತೆ ನೋಡಿದ್ದು ಸಾಲದೆಂದು ಹುಟ್ಟನ್ನು ಕೆದಕುತ್ತೇನೆ. ಹುಟ್ಟು ಹೆಚ್ಚು ನಿಜ ಎಂದು ನನಗನ್ನಿಸಿಲ್ಲ. ಮುಳುಗುವುದೋ ತೇಲುವುದೋ ಎಂಬುದೂ ಅಷ್ಟೇ ನಿಜ. ನಾನು ಕೇಳುತ್ತಿರುವುದು ಯಾರು ಮೇಲು ಎಂದಲ್ಲ, ಯಾರಿಗೆ ವಿಷ ಉಣಿಸಿದೆ ಎಂದು. ಈ ವ್ಯತ್ಯಾಸ ಸಾಕಾಗುತ್ತದೋ ಇಲ್ಲವೋ, ಕೆಲವು ರಾತ್ರಿ ಅನುಮಾನವಾಗುತ್ತದೆ.

ಮಾರ್ಗದರ್ಶಕರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಎರಡು ಅಧ್ಯಾಯ ಮತ್ತೆ ಬರೀಬೇಕಾಗುತ್ತಮ್ಮ" ಅಂದರು. ಸೀಸೆಯ ಹಳೆಯ ಹೆಸರನ್ನು ಓದಲು ಬರುವ ಹಾಗೆಯೇ ಒಂದು ಗೆರೆ ಎಳೆದು, ಕೆಳಗೆ ಹೊಸದನ್ನು ಬರೆದೆ. ಅದರಿಂದ ಗಿಡ ಪಡೆದಿದ್ದ ಇಬ್ಬರಿಗೆ ಪತ್ರ ಹಾಕಿದ್ದೇನೆ. ಒಬ್ಬರಿಂದ ಇನ್ನೂ ಉತ್ತರ ಬಂದಿಲ್ಲ.