ಮೊದಲ ತುತ್ತಿನ ತೀರ್ಪು

ಒಗ್ಗಿಹೋದ ರುಚಿಯ ಪಕ್ಕದಲ್ಲಿ ಹೊಸದೊಂದನ್ನು ತಂದಿಟ್ಟಾಗ ನಾಲಿಗೆ ಕೇಳುವ ಮೊದಲ ಪ್ರಶ್ನೆ ಯಾವುದು? ‘ಇದೇನು’ ಎಂದಲ್ಲ, ‘ಇದು ಅದರ ಹಾಗಿದೆಯೇ’ ಎಂದು. ಚೀನೀ ಮೆಣಸಿನೆಣ್ಣೆಯ ಹೊಸ ಬಾಟಲಿ ತೆರೆಯುವುದು ಸಣ್ಣ ಸಂಗತಿಯೇ ಸರಿ. ಆದರೆ ಗುರುತಿಲ್ಲದ್ದನ್ನು ನಾವು ಹೇಗೆ ಬರಮಾಡಿಕೊಳ್ಳುತ್ತೇವೆ ಎಂಬುದು ಆ ಒಂದು ಚಮಚೆಯಲ್ಲೇ ಬಯಲಾಗುತ್ತದೆ.

ಹೋಲಿಕೆಗೆ ನಾವು ಹಿಡಿಯುವ ಅಳತೆಗೋಲು ಸಾಮಾನ್ಯವಾಗಿ ‘ಲಾವೊ ಗಾನ್ ಮಾ’ ಎಂಬ ಮೆಣಸಿನೆಣ್ಣೆ. ಅದರ ಚೀಟಿಯ ಮೇಲೆ ನಗದೆ ನೇರವಾಗಿ ನೋಡುವ ಮುಖ ಟಾವೊ ಹುವಾಬಿ ಅವರದು. ಗುಯಿಝೌ ಪ್ರಾಂತ್ಯದ ಬಡಹಳ್ಳಿಯಲ್ಲಿ ಹುಟ್ಟಿ, ಗಂಡನನ್ನು ಕಳೆದುಕೊಂಡು, ಗುಯಿಯಾಂಗ್ ನಗರದಲ್ಲಿ ನೂಡಲ್ಸ್ ಮಾರಿ ಮಕ್ಕಳನ್ನು ಸಾಕಿದವರು ಅವರು. ಜನ ಬರುತ್ತಿರುವುದು ನೂಡಲ್ಸಿಗಿಂತ ಅದರ ಜೊತೆಗಿನ ಖಾರಕ್ಕೆ ಎಂಬುದನ್ನು ಕಂಡುಕೊಂಡು, 1997ರಲ್ಲಿ ಕಂಪನಿ ಕಟ್ಟಿದರು. ನಮ್ಮ ಅಳತೆಗೋಲೂ ಒಂದು ಕಾಲಕ್ಕೆ ಯಾರೋ ಅಪರಿಚಿತೆ ಬಡಿಸಿದ ಹೊಸ ರುಚಿಯಾಗಿತ್ತಲ್ಲವೇ?

ಇನ್ನೂ ಹಿಂದೆ ಹೋದರೆ, ಚೀನಾಕ್ಕೆ ಮೆಣಸಿನಕಾಯಿಯೇ ಹೊಸದು. ಅಮೆರಿಕ ಖಂಡದ ಈ ಗಿಡ ಅಲ್ಲಿನ ಬರಹದಲ್ಲಿ ಕಾಣಿಸಿಕೊಳ್ಳುವುದು 1591ರಲ್ಲಿ, ಅದೂ ನೋಡಲು ಚೆಂದದ ಗಿಡವಾಗಿ. ಸಮುದ್ರವಿಲ್ಲದ, ಉಪ್ಪು ಹುಟ್ಟದ ಗುಡ್ಡಗಾಡು ಗುಯಿಝೌನ ಜನ ಉಪ್ಪಿನ ಬದಲಿಗೆ ಇದನ್ನು ತಿನ್ನುತ್ತಾರೆ ಎಂಬ ದಾಖಲೆ ಸಿಗುವುದು 18ನೇ ಶತಮಾನದ ಮೊದಲ ಭಾಗದಲ್ಲಿ. ಅಂಗಳದಿಂದ ಒಲೆಯವರೆಗಿನ ಆ ನಡಿಗೆಗೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಇಡೀ ಒಂದು ನಾಡು ಅಷ್ಟು ಸಾವಧಾನದಿಂದ ಒಪ್ಪಿಕೊಂಡದ್ದನ್ನು ನಾವು ಒಂದು ತುತ್ತಿನಲ್ಲಿ ತೂಗಿ ತೀರ್ಪು ಕೊಡಬಹುದೇ?

ಹೊಸದೆಂದರೆ, ‘ಫ್ಲೈ ಬೈ ಜಿಂಗ್’ ಅನ್ನೇ ತೆಗೆದುಕೊಳ್ಳೋಣ. ಚೆಂಗ್ಡುವಿನಲ್ಲಿ ಹುಟ್ಟಿದ ಜಿಂಗ್ ಗಾವೊ 2018ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಬ್ರಾಂಡ್ ಇದು. ಮುಚ್ಚಳ ತಿರುಗಿಸಿದರೆ ಮೇಲೆ ಮಾಣಿಕ್ಯದ ಬಣ್ಣದ ಎಣ್ಣೆ ತಿಳಿಯಾಗಿ ನಿಂತಿರುತ್ತದೆ, ಸಾರವೆಲ್ಲ ತಳದಲ್ಲಿ: ಗರಿಗರಿ ಚೂರುಗಳು, ಹುದುಗಿಸಿದ ಕಪ್ಪು ಸೋಯಾ ಕಾಳು, ಖಾರಕ್ಕಿಂತ ಪರಿಮಳಕ್ಕೆ ಹೆಸರಾದ ಎರ್ ಜಿಂಗ್ ಟಿಯಾವೊ ಮೆಣಸಿನಕಾಯಿ. ಮೇಲೆ ಮೇಲೆಯೇ ಚಮಚೆ ಆಡಿಸಿದವರಿಗೆ ಸಿಗುವುದು ಎಣ್ಣೆ ಮಾತ್ರ. ತಳ ಕೆದಕಿ ಕಲಕಲೇಬೇಕು. ಬಾಯಿಗಿಟ್ಟರೆ ಮೊದಲು ಸುಡುತ್ತದೆ, ಹಿಂದೆಯೇ ತುಟಿಯಂಚು ಜುಮ್ಮೆನ್ನುತ್ತದೆ. ಆ ಜುಮ್ಮು ಸಿಚುವಾನ್ ಮೆಣಸಿನದು; ನಮ್ಮ ಕರಾವಳಿಯಲ್ಲಿ ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿಯ ಕುಲಕ್ಕೇ ಸೇರಿದ್ದು. ಬಂಗುಡೆ ಸಾರು ಉಂಡು ಬೆಳೆದವರಿಗೆ ಇದರಲ್ಲಿ ಬಳಗದವರೊಬ್ಬರನ್ನು ಕಂಡಂತಾದರೆ ಅಚ್ಚರಿಯಿಲ್ಲ.

ಆದರೆ ಆ ಮೊದಲ ಉರಿ ಏನು? ಅದು ರುಚಿಯೇ ಅಲ್ಲ, ನೋವು. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೆ ಎಚ್ಚರಿಸಬೇಕಾದ ನರದ ಬಾಗಿಲನ್ನು ಮೆಣಸಿನಕಾಯಿ ಬರಿದೇ ತಟ್ಟಿ ತೆರೆಸುತ್ತದೆ. ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ತಂದದ್ದು ಈ ಬಾಗಿಲಿನ ಶೋಧವೇ. ಅಲ್ಲಿ ಬೆಂಕಿಯಿಲ್ಲ, ಬೆಂಕಿ ಬಿತ್ತೆಂಬ ಕೂಗು ಮಾತ್ರ ಇದೆ. ತುಸು ತಾಳಿದರೆ ಅದೇ ನರ ದಣಿದು ಸುಮ್ಮನಾಗುತ್ತದೆ. ಆಮೇಲೆ ಹುರಿದ ಮೆಣಸಿನಕಾಯಿಯ ಘಮ, ಕಾಳಿನ ಹುದುಗು, ಸಾಸಿವೆಯ ನಂಟಿನ ರೇಪ್‌ಸೀಡ್ ಎಣ್ಣೆಯ ಕಮರು ಒಂದೊಂದೇ ಮುಂದೆ ಬರುತ್ತವೆ. ಹಾಗಾದರೆ ಮೊದಲ ತುತ್ತಿಗೆ ‘ಚೆನ್ನಾಗಿಲ್ಲ’ ಎಂದವರು ತೂಗಿದ್ದು ಬಾಟಲಿಯಲ್ಲಿದ್ದುದನ್ನೇ, ತಮ್ಮ ಬೆಚ್ಚಿಬೀಳುವಿಕೆಯನ್ನೇ?

ಮನೆಗೆ ಬಂದ ಸೊಸೆಯನ್ನು, ಹಳೆಯ ಮೇಷ್ಟ್ರ ಜಾಗಕ್ಕೆ ಬಂದ ಹೊಸಬರನ್ನು ನಾವು ಎಷ್ಟು ಸಲ ಹೀಗೆ ಮೊದಲ ಉರಿಯಲ್ಲೇ ಅಳೆದುಬಿಟ್ಟಿದ್ದೇವೆ! ಹೋಲಿಸಲೇಬಾರದು ಎಂದು ಹೇಳುವುದು ಸುಲಭ. ಆದರೆ ಹೋಲಿಕೆಯಿಲ್ಲದ ನಾಲಿಗೆ ನೆನಪಿಲ್ಲದ ನಾಲಿಗೆ. ಅದಕ್ಕೆ ಪ್ರೀತಿಯೂ ಇರದು. ಹಳೆಯದರ ಮೇಲಿನ ನಿಷ್ಠೆ ತಪ್ಪಲ್ಲ, ಅವಸರ ತಪ್ಪು. ಹೋಲಿಕೆಯನ್ನು ಬಿಡಬೇಕಾಗಿಲ್ಲ, ತಡಮಾಡಿದರೆ ಸಾಕು. ಬರಿ ಚಮಚೆಯಲ್ಲಿ ನೆಕ್ಕಿ ನೋಡುವುದಕ್ಕಿಂತ ಬಿಸಿ ಅನ್ನಕ್ಕೋ ನೂಡಲ್ಸಿಗೋ ಕಲಸಿ, ಬೇರೆಬೇರೆ ಹಸಿವಿನಲ್ಲಿ ಉಂಡು ನೋಡೋಣ. ಇದನ್ನು ಮೊಸರನ್ನಕ್ಕೆ ಹಾಕಿಕೊಳ್ಳುವ ನಮ್ಮ ಮಕ್ಕಳೂ ತಪ್ಪು ಮಾಡುತ್ತಿಲ್ಲ. ಮೊಸರು ಉರಿಯನ್ನು ತಗ್ಗಿಸಿ ಪರಿಮಳಕ್ಕೆ ಜಾಗ ಬಿಡುತ್ತದೆ.

ಹೀಗೆ ತಾಳಿದವರಿಗೆ ಇನ್ನೊಂದು ಲಾಭವಿದೆ. ಹೊಸ ಬಾಟಲಿಯ ಜುಮ್ಮಿಗೆ ನಾಲಿಗೆ ಹೊಂದಿಕೊಂಡ ಮೇಲೆ ಲಾವೊ ಗಾನ್ ಮಾದ ಮುಚ್ಚಳ ಮತ್ತೆ ತೆಗೆದರೆ, ಅದರ ಕಾಳಿನ ಉಪ್ಪು, ಈರುಳ್ಳಿಯ ಸಿಹಿ ಬೇರೆಬೇರೆಯಾಗಿ ತಿಳಿಯುತ್ತವೆ. ಅಭ್ಯಾಸಬಲದಿಂದ ಉಣ್ಣುತ್ತಿದ್ದ ಕಾಲದಲ್ಲಿ ಅವು ನಮ್ಮ ಗಮನಕ್ಕೇ ಬರುತ್ತಿರಲಿಲ್ಲ.