ಕೊಂಡು ತಿನ್ನುವ ಜೋಳ

ಡೊಂಬಿವಲಿಯ ಗಿರಣಿಯಲ್ಲಿ ಜೋಳ ಬೀಸಿಸಿಕೊಂಡು ಬರುವಾಗ ಊರಿಂದ ಅಣ್ಣನ ಫೋನ್. ಅವನೂ ಅಂಗಡಿಯಿಂದ ಜೋಳ ತಂದನಂತೆ. ಘಟಪ್ರಭಾ ಕಾಲುವೆ ನೀರು ಹತ್ತಿದ ಮೇಲೆ ಮುಧೋಳದ ಹತ್ತಿರದ ನಮ್ಮ ನಾಲ್ಕೆಕರೆ ಪೂರಾ ಕಬ್ಬು. ಹಿಂದೆ ಹಿಂಗಾರಿಗೆ ಮಾಲದಂಡಿ ಜೋಳ, ಅಕ್ಕಡಿಯಲ್ಲಿ ಕಡಲೆ, ಕುಸುಬಿ. ಹಗೇವು ತುಂಬಿ ಉಳಿದದ್ದಷ್ಟೇ ಸಂತೆಗೆ. ಆಯಗಾರರ ಪಾಲು ಕಣದಲ್ಲೇ ಹೋಗುತ್ತಿತ್ತು. ಕಬ್ಬನ್ನು ಹಾಗೆ ಮೊರದಲ್ಲಿ ಅಳೆದು ಕೊಡಲಾಗದು.

“ಮನೀ ಪೂರ್ತಾದ್ರೂ ಒಂದೆಕರೆ ಜ್ವಾಳ ಬಿತ್ತಬಾರದೇನಣ್ಣಾ?” ಎಂದೆ.

“ನೀ ಪಗಾರಕ್ಕ ದುಡೀಬಹುದು, ನಾ ರೊಕ್ಕಕ್ಕ ಬೆಳೀಬಾರದೇನು ತಮ್ಮಾ?”

ನನ್ನ ಕಾಲೇಜಿನ ಫೀ ಕಟ್ಟಿದ್ದು ಕಬ್ಬಿನ ಮೊದಲ ಬಿಲ್ಲಿನಿಂದ. ಅದನ್ನವನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಉಂಡುಟ್ಟು ಉಳಿಸಿದ ಒಕ್ಕಲುತನ ವಲಸೆ ಬಂದ ನಮಗೆ ಹಿತವಾದ ನೆನಪು. ಬರದ ವರ್ಷ ಹಗೇವು ಬರಿದಾಗಿ ಅದೇ ಮನೆಗಳವರು ಗುಳೆ ಹೊರಟದ್ದು ನೆನಪಿಗೆ ಬರುವುದಿಲ್ಲ. ಹಾಗಾದರೆ ಅಣ್ಣನ ಮಾತೇ ಸರಿಯೇ? ಪೂರ್ತಿ ಒಪ್ಪಲಾರೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಅವನು ತಿಂಗಳುಗಟ್ಟಲೆ ಕಾಯುತ್ತಾನೆ. ನನ್ನ ಪಗಾರ ಒಂದನೇ ತಾರೀಖಿಗೇ ಬೀಳುತ್ತದೆ. ಪೇಟೆಯನ್ನು ನಂಬಿದವರು ಇಬ್ಬರೂ, ಕಾಯುವವನು ಅವನೊಬ್ಬ. ಅಲ್ಲಿಯವರೆಗೆ ಅಂಗಡಿಯ ಜೋಳ ಉದ್ರಿ.

ಈ ಸಲದ ಬಿಲ್ ಬಂತೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.