ಬೇಲಿಯ ಋಣ

ಮಲೆನಾಡಿನ ಒಂಟಿಮನೆಗಳಲ್ಲಿ ನಾಯಿ ಕಳೆದುಹೋಗುವುದು ಯಾರಿಗೂ ದೊಡ್ಡ ಸುದ್ದಿಯಲ್ಲ. ರಾತ್ರಿ ಬೊಗಳುವುದು ಕೇಳಿಸುತ್ತದೆ, ಅರ್ಧಕ್ಕೇ ನಿಂತುಹೋಗುತ್ತದೆ. ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಹರಿದ ಬೆಲ್ಟು. ಚಿರತೆಗೆ ನಾಯಿ ಸುಲಭದ ಊಟ. ಮಹಾರಾಷ್ಟ್ರದ ಅಕೋಲೆ ಭಾಗದಲ್ಲಿ ಹೊಲಗದ್ದೆಗಳ ನಡುವೆಯೇ ಬದುಕುವ ಚಿರತೆಗಳ ಮಲ ಪರೀಕ್ಷಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅವುಗಳ ಆಹಾರದ ತೂಕದಲ್ಲಿ ಶೇ. 39ರಷ್ಟು ನಾಯಿಗಳದ್ದೇ ಎಂದು ಅದು ಲೆಕ್ಕ ಹಾಕಿತ್ತು. ಹೀಗಾಗಿ ನಾಯಿಗೆ ಬೇಲಿ ಬೇಕೇ ಎಂಬ ಪ್ರಶ್ನೆ ನಮ್ಮಲ್ಲಿ ಹುಟ್ಟುವುದೇ ಜಾಲರಿ ಅಡಿಗೆಷ್ಟು, ಕಬ್ಬಿಣದ ಕಂಬಕ್ಕೆಷ್ಟು ಎಂಬ ವಿಚಾರಣೆಯಾಗಿ. ಈ ಬೇಸಿಗೆಯಲ್ಲಿ ನಮ್ಮ ಹಿತ್ತಿಲಲ್ಲಿ ನಾಯಿಗೊಂದು ಆವರಣ ಕಟ್ಟಿಸುವಾಗ, ಪ್ರತಿ ಅಳತೆಯ ಒಳಗೂ ಒಂದು ನೈತಿಕ ಪ್ರಶ್ನೆ ಮಡಿಚಿಕೊಂಡು ಕೂತಿರುವುದು ಕಾಣತೊಡಗಿತು.

ಪಕ್ಕದ ತೋಟದ ಹಿರಿಯರು ಕೆಲಸ ನೋಡಿ ಹೇಳಿದರು: ‘ಕೂಡಿಹಾಕಿದ ನಾಯಿ ನಾಯಿಯಾ ಮಾರಾಯ್ರೆ? ಬಿಟ್ಟುಬಿಡಿ. ಇರುವಷ್ಟು ದಿನ ರಾಜನ ಹಾಗೆ ಇರ್ತದೆ.’

ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಈ ಮಾತಿಗೆ ಕನ್ನಡದಲ್ಲಿ ಸಾವಿರ ವರ್ಷದ ವಂಶಾವಳಿಯಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನ ಕಾಳಿ ಎಂಬ ನಾಯಿಯ ಕಥೆ ಹೇಳುತ್ತದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ, ಮೆಚ್ಚಿದ ಒಡೆಯನಿಂದ ಕೇಳಿ ಪಡೆದದ್ದು ಈ ನಾಯಿಯನ್ನು. ಮುಂದೆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು, ಎರಡೂ ಸತ್ತವು. ಮಣಲೇರ ದೇವಸ್ಥಾನದೆದುರು ಕಲ್ಲು ನೆಡಿಸಿ, ಭೂಮಿ ದತ್ತಿ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಬೇಲಿಯೊಳಗೆ ಹದಿನಾಲ್ಕು ವರ್ಷ ಬದುಕಿ ಮುಪ್ಪಿನಿಂದ ಸತ್ತ ನಾಯಿಗೆ ಯಾರೂ ಕಲ್ಲು ನೆಡಿಸುವುದಿಲ್ಲ.

ಆದರೆ ಕಾಳಿ ಹಂದಿಯನ್ನು ಆರಿಸಿಕೊಂಡಿತ್ತೇ? ಅದನ್ನು ಬಿಟ್ಟವರು ಮನುಷ್ಯರು, ಹೊಗಳಿದವರೂ ಮನುಷ್ಯರು. ನಮ್ಮ ಅಂಗಳದ ನಾಯಿ ಕತ್ತಲೆಯಲ್ಲಿ ಚಿರತೆಯ ವಾಸನೆ ಹಿಡಿದು ಮುಂದೆ ನುಗ್ಗುವುದಿದೆಯಲ್ಲ, ಆ ನುಗ್ಗುವಿಕೆಯಲ್ಲಿ ನಮ್ಮ ಕೈವಾಡವಿದೆ. ಹೊಸಬರನ್ನು ಕಂಡರೆ ಬೊಗಳುವ, ಮನೆಯನ್ನು ತನ್ನದೆಂದು ಕಾಯುವ ನಾಯಿಗಳನ್ನೇ ಆರಿಸಿ ಆರಿಸಿ ಸಾವಿರಾರು ವರ್ಷ ಸಾಕಿದವರು ನಾವು. ನಾವೇ ಬೆಳೆಸಿದ ಧೈರ್ಯದಿಂದ ಅದು ಸತ್ತಾಗ, ‘ಸ್ವತಂತ್ರವಾಗಿ ಬದುಕಿತ್ತು’ ಎಂದು ಕೈತೊಳೆದುಕೊಳ್ಳುವುದು ನನಗೆ ಅಪ್ರಾಮಾಣಿಕ ಎನಿಸುತ್ತದೆ. ಅಪಾಯ ಎಷ್ಟೆಂದು ಅಳೆಯಬಲ್ಲವರು ಇಲ್ಲಿ ನಾವೊಬ್ಬರೇ. ಹಾಗಾಗಿ ಆಯ್ಕೆಯ ಭಾರವೂ ನಮ್ಮದೇ.

ಹಾಗೆಂದು ಸರಪಳಿ ಉತ್ತರವಲ್ಲ. ಕಂಬಕ್ಕೆ ಕಟ್ಟಿದ ನಾಯಿ ಓಡಲಾರದು, ಅಡಗಲಾರದು. ಸ್ವಾತಂತ್ರ್ಯವೂ ಇಲ್ಲ, ರಕ್ಷಣೆಯೂ ಇಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮು ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟಿಹಾಕುವುದನ್ನು ಅಪರಾಧವೆನ್ನುತ್ತದೆ. ಸದಾ ಕಟ್ಟಿರುವ ಅಥವಾ ಕೂಡಿಹಾಕಿರುವ ನಾಯಿಗೆ ತಕ್ಕಷ್ಟು ಓಡಾಟ ಕೊಡಿಸದಿರುವುದೂ ಅಪರಾಧವೇ.

ಇನ್ನು ಕೆಲವರು ಕಾಣದ ಬೇಲಿಯನ್ನು ಹೊಗಳುತ್ತಾರೆ: ನೆಲದಡಿ ತಂತಿ, ಕೊರಳಲ್ಲಿ ಪಟ್ಟಿ, ಗಡಿ ದಾಟಿದರೆ ವಿದ್ಯುತ್ತಿನ ಚುರುಕು. ಚಿರತೆಯ ಕೊರಳಲ್ಲಿ ಪಟ್ಟಿ ಇರುವುದಿಲ್ಲ. ಅದು ಸಲೀಸಾಗಿ ಒಳಬರುತ್ತದೆ. ಬೇಲಿಯ ಖರ್ಚನ್ನು ಒಡೆಯನ ಜೇಬಿನಿಂದ ನಾಯಿಯ ಮೈಮೇಲೆ ವರ್ಗಾಯಿಸುವ ಉಪಾಯವಿದು. ವೇಲ್ಸ್ ದೇಶ ಇಂಥ ಪಟ್ಟಿಗಳನ್ನು 2010ರಲ್ಲೇ ನಿಷೇಧಿಸಿತು.

ನಿಜವಾದ ಬೇಲಿಯ ಕಷ್ಟವೆಲ್ಲ ಕಟ್ಟುವವನದ್ದು. ಆರಡಿ ಎತ್ತರ ನಾಯಿಯನ್ನು ತಡೆದೀತು, ಮರ ಹತ್ತುವ ಚಿರತೆಯನ್ನಲ್ಲ; ಆದ್ದರಿಂದ ರಾತ್ರಿಯ ಗೂಡಿಗೆ ಮೇಲೂ ಜಾಲರಿ ಬೇಕು. ನಾಯಿ ನೆಲ ಕೆರೆಯುತ್ತದೆ. ಆದ್ದರಿಂದ ಜಾಲರಿಯನ್ನು ಮಣ್ಣಿನೊಳಗೆ ಒಂದೂವರೆ ಅಡಿ ಇಳಿಸಬೇಕು, ಇಲ್ಲವೇ ಅಂಚಿಗೆ ಚಪ್ಪಡಿ ಹಾಸಬೇಕು. ಜಾಲರಿಯ ಕಂಡಿಯಲ್ಲಿ ಪಂಜ ತೂರಬಹುದು. ಆದ್ದರಿಂದ ಕೆಳಗಿನ ಮೂರಡಿ ಗೋಡೆಯೇ ಇರಲಿ, ಒಳಗೆ ಅಡಗಿ ಮಲಗಲೊಂದು ಕೋಣೆಯೂ ಇರಲಿ. ಒಂದು ಬಾಗಿಲು ತೆರೆದಾಗ ನುಸುಳದಂತೆ ಎರಡು ಬಾಗಿಲು. ನೆರಳು, ನೀರು, ಮಳೆನೀರು ಹರಿದುಹೋಗಲು ಇಳಿಜಾರು. ಇಷ್ಟು ಮಾಡಿದರೆ ಚಿರತೆಗೂ ಉಪಕಾರ. ನಾಯಿ ಸಿಗದ ಅಂಗಳಕ್ಕೆ ಅದು ಮತ್ತೆ ಮತ್ತೆ ಬರಬೇಕಿಲ್ಲ, ಬಂದು ಬೋನಿಗೆ ಬೀಳಬೇಕಿಲ್ಲ.

ಬೋನು ಎಂದಾಗ ನನ್ನನ್ನು ಕಾಡುವ ಚಿತ್ರವೊಂದಿದೆ. ಚಿರತೆ ಹಿಡಿಯಲು ಅರಣ್ಯ ಇಲಾಖೆ ಇಡುವ ಬೋನಿನ ಹಿಂಬದಿಯಲ್ಲಿ ಎಷ್ಟೋ ಸಲ ಒಂದು ನಾಯಿ ಕೂತಿರುತ್ತದೆ. ಅದರ ಸುತ್ತಲೂ ಗಟ್ಟಿ ಕಬ್ಬಿಣ, ಮೇಲೆ ಮುಚ್ಚಿಗೆ, ಭದ್ರವಾದ ಅಗುಳಿ. ಅಲ್ಲಿ ಚಿರತೆಯ ಬಾಯಿಗೆ ಸಿಗದಿದ್ದರೂ ಆ ನಾಯಿ ರಾತ್ರಿಯಿಡೀ ನಡುಗುತ್ತದೆ. ಕಬ್ಬಿಣದ ಲೆಕ್ಕದಲ್ಲಿ ಆ ಬೋನಿಗೂ ನನ್ನ ಹಿತ್ತಿಲಿನ ಗೂಡಿಗೂ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಆ ರಾತ್ರಿ ಯಾರ ಸಲುವಾಗಿ ಕಳೆಯುತ್ತಿದೆ ಎಂಬುದರಲ್ಲಿ. ನನ್ನ ನೆಮ್ಮದಿಯ ನಿದ್ದೆಗಾಗಿ ಮಾತ್ರ ಅದನ್ನು ಒಳಗಿಟ್ಟರೆ, ನಾನೂ ಬೋನನ್ನೇ ಕಟ್ಟಿದಂತೆ.

ಅದಕ್ಕೇ ಬೇಲಿಯನ್ನು ನಾನು ಸಾಲವೆಂದು ಕರೆಯುತ್ತೇನೆ. ನಾಯಿಯಿಂದ ರಾತ್ರಿಯ ಕಾಡನ್ನು, ತೋಟದ ವಾಸನೆಗಳನ್ನು, ಮನಬಂದತ್ತ ಹೋಗುವ ಹಕ್ಕನ್ನು ಪಡೆದುಕೊಂಡಿದ್ದೇನೆ. ಕೇಳದೆ ಪಡೆದ ಸಾಲವಾದ್ದರಿಂದ ತೀರಿಸುವ ಜವಾಬ್ದಾರಿ ಇನ್ನೂ ಹೆಚ್ಚು. ಅದು ತೀರುವುದು ಬಿಸ್ಕತ್ತಿನಿಂದಲ್ಲ, ಹೊತ್ತಿನಿಂದ. ಹಗಲಲ್ಲಿ ಅದರೊಡನೆ ನಡೆಯಬೇಕು; ಅದು ಮೂಸುತ್ತ ನಿಂತಲ್ಲಿ ಹಗ್ಗ ಎಳೆಯದೆ ನಿಲ್ಲಬೇಕು. ಮುಸ್ಸಂಜೆ ಜಾಲರಿಗೆ ಮೂಗು ಒತ್ತಿ ಕಾಡಿನತ್ತ ನೋಡುವ ನಾಯಿ ಏನು ಬಯಸುತ್ತಿದೆ ಎಂದು ನನಗೆ ತಿಳಿಯುವುದಿಲ್ಲ, ಆದ್ದರಿಂದ ಸಾಲ ಪೂರ್ತಿ ತೀರಿತೆಂದು ಹೇಳುವ ಧೈರ್ಯವೂ ಇಲ್ಲ.

ಒಂದು ಬೇಲಿ ಒಳ್ಳೆಯದೋ ಕೆಟ್ಟದ್ದೋ ತಿಳಿಯಬೇಕಾದರೆ ಅಳತೆಪಟ್ಟಿ ಸಾಲದು. ಅದನ್ನು ಕಟ್ಟಿದವರು ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದು ಅಗುಳಿ ತೆಗೆಯುತ್ತಾರೆ ಎಂದೂ ಕೇಳಬೇಕು.